ಹೊಸ ಟಿವಿಯಲ್ಲಿ ಸಿನಿಮಾ ಧಾರಾವಾಹಿಯಂತೆ ಕಾಣುವುದೇಕೆ?

ಪ್ರಶ್ನೆ: ಇತ್ತೀಚೆಗೆ 120 ಹರ್ಟ್ಸ್‌ನ ಟಿವಿ ಕೊಂಡೆವು. ಆಟದ ಪಂದ್ಯಗಳು ಬಹಳ ಚೆನ್ನಾಗಿ ಕಾಣುತ್ತವೆ. ಆದರೆ ಹಲವು ಸಲ ನೋಡಿ ಮೆಚ್ಚಿದ ಚಿತ್ರವೊಂದನ್ನು ಹಾಕಿದರೆ ಅದು ಧಾರಾವಾಹಿಯಂತೆ ಕಾಣುತ್ತಿದೆ. ದೋಷ ಟಿವಿಯದೋ, ನನ್ನ ಕಣ್ಣಿನದೋ?

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಗುರುತಿಸಿದೆ, ಟಿವಿಯೂ ಕೆಟ್ಟಿಲ್ಲ, ಯಾರೂ ಕೇಳದ ಕೆಲಸವೊಂದನ್ನು ತಾನಾಗಿ ಮಾಡುತ್ತಿದೆ, ಅಷ್ಟೆ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಹೆಚ್ಚಾಗಿ ಕೈಯಿಂದಲೇ ತಿರುಗಿಸುತ್ತಿದ್ದುದರಿಂದ ಚಿತ್ರೀಕರಣದ ವೇಗ ಒಂದೇ ಸಮನಾಗಿರುತ್ತಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಚಿತ್ರಕ್ಕೆ ಧ್ವನಿ ಸೇರಿದಾಗ, ವೇಗ ಏರಿಳಿದರೆ ದನಿಯೂ ಏರಿಳಿಯುತ್ತದೆ ಎಂಬ ಕಾರಣಕ್ಕೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಎಂಬ ಲೆಕ್ಕ ನೆಲೆಯೂರಿತು. ಸಾಮಾನ್ಯವಾಗಿ ಪ್ರತಿ ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬೀಳುವುದರಿಂದ, ಬೀಸಿದ ಕೈ ತುಸು ಮಸುಕಾಗಿ ದಾಖಲಾಗುತ್ತದೆ. ನಾವು ಸಿನಿಮಾದ್ದೆಂದು ಗುರುತಿಸುವ ಚಲನೆ ಬಹುಮಟ್ಟಿಗೆ ಈ ಮಸುಕಿನಿಂದ ಹುಟ್ಟಿದ್ದು.

120 ಹರ್ಟ್ಸ್‌ನ ಪರದೆ, ಅಂದರೆ ಸೆಕೆಂಡಿಗೆ 120 ಬಾರಿ ಚಿತ್ರ ಮೂಡಿಸುವ ಪರದೆ, ಒಂದೊಂದು ಫ್ರೇಮನ್ನೂ ಸರಿಯಾಗಿ ಐದೈದು ಬಾರಿ ತೋರಿಸಬಲ್ಲದು. ಹಾಗೆ ಮಾಡಿದರೆ ಚಿತ್ರಕ್ಕೆ ಏನೂ ಕುಂದಿಲ್ಲ. 60 ಹರ್ಟ್ಸ್‌ನ ಪರದೆಗೆ ಈ ಭಾಗಾಕಾರ ಕೂಡಿಬರುವುದಿಲ್ಲವಾದ್ದರಿಂದ ಒಂದು ಫ್ರೇಮನ್ನು ಮೂರು ಬಾರಿ, ಮುಂದಿನದನ್ನು ಎರಡು ಬಾರಿ ತೋರಿಸುವ ಉಪಾಯ ಹೂಡಬೇಕಾಗುತ್ತದೆ, ಮತ್ತು ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಹೊರಳುವಾಗ ಅದು ಕುಲುಕಿದಂತೆ ತೋರುತ್ತದೆ. ನಿಮ್ಮ ಟಿವಿಯಲ್ಲಿ ಆಗುತ್ತಿರುವುದು ಬೇರೆಯೇ. ಮೋಷನ್ ಸ್ಮೂತಿಂಗ್ ಎಂಬ ಸೌಲಭ್ಯ ಎರಡು ಫ್ರೇಮುಗಳನ್ನು ಹೋಲಿಸಿ, ನಡುವೆ ಏನಿದ್ದಿರಬಹುದೆಂದು ಊಹಿಸಿ, ಚಿತ್ರೀಕರಿಸದ ಫ್ರೇಮುಗಳನ್ನು ತುಂಬುತ್ತದೆ. ಹೀಗೆ ಚಲನೆ ಅತಿಯಾಗಿ ನುಣುಪಾಗುವುದರಿಂದಲೇ ಸಿನಿಮಾ ಧಾರಾವಾಹಿಯಂತೆ ಕಾಣುವುದು. ಊಹೆ ತಪ್ಪಿದಾಗ ಓಡುವವನ ಕಾಲಿನ ಸುತ್ತ ನೀರು ಕದಡಿದಂತಾಗುವುದನ್ನೂ ನೀವು ಕಂಡಿರಬಹುದು. ಸಿನಿಮಾ ನೋಡುವಾಗ ಈ ಸೌಲಭ್ಯವನ್ನು ಆಫ್ ಮಾಡಿಬಿಡಿ. ಇಂಥ ತಿದ್ದುವಿಕೆಗಳನ್ನು ತಾನೇ ನಿಲ್ಲಿಸುವ, 2019ರಲ್ಲಿ ಪ್ರಕಟವಾದ ಫಿಲ್ಮ್‌ಮೇಕರ್ ಮೋಡ್ ನಿಮ್ಮ ಟಿವಿಯಲ್ಲಿದ್ದರೆ ಆ ಒಂದು ಆಯ್ಕೆಯೇ ಸಾಕು. ಓಎಲ್ಇಡಿ ಪರದೆಯಲ್ಲಿ ಮಾತ್ರ, ಅದರ ಚಿತ್ರ ಥಟ್ಟನೆ ಬದಲಾಗುವುದರಿಂದ 24 ಫ್ರೇಮಿನ ತಡವರಿಕೆ ಎದ್ದು ಕಾಣುತ್ತದೆ; ಅಲ್ಲಿ ಮೋಷನ್ ಸ್ಮೂತಿಂಗನ್ನು ತೀರಾ ಕಡಿಮೆ ಮಟ್ಟದಲ್ಲಿ ಇಟ್ಟುಕೊಂಡರೆ ನನ್ನ ಆಕ್ಷೇಪವಿಲ್ಲ.

ನಿಜವಾಗಿಯೇ ಹೆಚ್ಚು ಫ್ರೇಮಿನಲ್ಲಿ ಚಿತ್ರೀಕರಿಸಿದ ಸಿನಿಮಾಗಳ ಮಾತು ಬೇರೆ. 2012ರ ‘ದಿ ಹಾಬಿಟ್’ ಚಿತ್ರಮಂದಿರಗಳಲ್ಲಿ 48 ಫ್ರೇಮಿನಲ್ಲೂ ತೆರೆ ಕಂಡಿತಾದರೂ, ಸೆಟ್ಟುಗಳು ಸೆಟ್ಟುಗಳಂತೆಯೇ ಕಾಣುತ್ತವೆಂದು ಹಲವರು ಗೊಣಗಿದರು. ಮನೆಗೆ ಬಂದ ಡಿಸ್ಕ್ 24 ಫ್ರೇಮಿನದು. ನೀರು, ಹೊಡೆದಾಟ, ವೇಗದ ಓಟ ಇಂಥವಕ್ಕೆ ಹೆಚ್ಚಿನ ಫ್ರೇಮು ಒಪ್ಪುತ್ತದೆಂದೂ, ಇಬ್ಬರು ಕುಳಿತು ಮಾತಾಡುವ ದೃಶ್ಯಕ್ಕೆ ಅದು ಅನಗತ್ಯವೆಂದೂ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಟಿವಿ 10 ಬಿಟ್‌ನದು. ಆದರೂ ಸಂಜೆಯ ಆಕಾಶದ ದೃಶ್ಯದಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ಕಾಣುವುದೇಕೆ?

ಉತ್ತರ: ಬಿಟ್ ಹೆಚ್ಚಾದರೆ ಬಣ್ಣ ಗಾಢವಾಗುತ್ತದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ, ನಿಜವಾಗಿ ಹೆಚ್ಚುವುದು ಒಂದು ಬಣ್ಣದ ಛಾಯೆಗಳ, ಅಂದರೆ ಮೆಟ್ಟಿಲುಗಳ, ಸಂಖ್ಯೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 8 ಬಿಟ್‌ನಲ್ಲಿ 256 ಮೆಟ್ಟಿಲುಗಳಿದ್ದರೆ 10 ಬಿಟ್‌ನಲ್ಲಿ 1024. ಒಟ್ಟು ಬಣ್ಣಗಳು ಸುಮಾರು 1.67 ಕೋಟಿಯಿಂದ 107 ಕೋಟಿಗೆ ಏರುತ್ತವೆ. ಎಚ್‌ಡಿಆರ್ ಚಿತ್ರದಲ್ಲಿ ಕತ್ತಲೆಯಿಂದ ಬೆಳಕಿನವರೆಗಿನ ಹರವು ದೊಡ್ಡದಾದ್ದರಿಂದ 256 ಮೆಟ್ಟಿಲು ಸಾಲದೆ, ಎಚ್‌ಡಿಆರ್10 ಮಾನಕ 10 ಬಿಟ್ ಬಳಸುತ್ತದೆ. ಆದರೆ ಮೂಲವೇ 8 ಬಿಟ್‌ನದಾಗಿದ್ದರೆ (ಸಾಮಾನ್ಯ ಬ್ಲೂ-ರೇ ಹಾಗೆಯೇ) ಟಿವಿ ಏನು ಮಾಡೀತು? ಅಂತರ್ಜಾಲದ ಮೂಲಕ ಬರುವ ಚಿತ್ರ 10 ಬಿಟ್‌ನದಾದರೂ, ಅದನ್ನು ಕುಗ್ಗಿಸುವಾಗ ಆಕಾಶದ ನವಿರಾದ ಕಣಗಳು ಅಳಿಸಿಹೋಗಿ ಪಟ್ಟೆಗಳು ಉಳಿಯುತ್ತವೆ. ಹಳೆಯ ಫಿಲ್ಮಿನ ಒರಟು ಕಣಗಳು ಇಂಥ ಪಟ್ಟೆಗಳನ್ನು ಮರೆಮಾಚುತ್ತಿದ್ದವು ಎಂಬುದು ಸೋಜಿಗ.

ಕೇಬಲಿನ ಕಡೆಗೂ ಒಮ್ಮೆ ಗಮನ ಹರಿಸಿ. ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ಎಚ್‌ಡಿಎಂಐ 2.0 ಮೂಲಕ 4ಕೆ ಚಿತ್ರವನ್ನು 60 ಫ್ರೇಮಿನಲ್ಲಿ, ಬಣ್ಣದ ವಿವರವನ್ನು ಕಡಿಮೆ ಮಾಡದೆ 10 ಬಿಟ್‌ನಲ್ಲಿ ಕಳಿಸಲಾಗದು. 24 ಫ್ರೇಮಿನಲ್ಲಾದರೆ 12 ಬಿಟ್‌ಗೂ ಸ್ಥಳವಿದೆ. ಆದ್ದರಿಂದ ನಿಮ್ಮ ಪ್ಲೇಯರ್ ಎಲ್ಲವನ್ನೂ 60ಕ್ಕೆ ಪರಿವರ್ತಿಸಿ ಕಳಿಸುತ್ತಿದೆಯೇ ಎಂದು ಅದರ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಮೂಲದ ಫ್ರೇಮ್ ರೇಟನ್ನೇ ಅನುಸರಿಸುವ ಆಯ್ಕೆಯಿದ್ದರೆ ಅದನ್ನು ಚಾಲೂ ಮಾಡಿ.