ಹೀಟ್ ಪಂಪ್ ವಾಟರ್ ಹೀಟರ್‌ಗೆ ಸಿಪಿವಿಸಿ ಪೈಪ್ ಸಾಕಾ, ತಾಮ್ರದ್ದೇ ಬೇಕಾ?

ಸಿಪಿವಿಸಿ ಸಾಕು, ಅದು ಬಿಸಿನೀರಿಗೂ ಆಗುವ ಪ್ಲಾಸ್ಟಿಕ್ ಪೈಪ್. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖ ಎಳೆದುಕೊಂಡು ನೀರನ್ನು 55-60 ಡಿಗ್ರಿಗೆ ಕಾಯಿಸುತ್ತದೆ, ಸಿಪಿವಿಸಿ 93 ಡಿಗ್ರಿವರೆಗೆ ತಡೆಯುತ್ತದೆ. ಆದರೆ ಪ್ರಶ್ನೆಯ ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಲ್ಲ: ಬಚ್ಚಲಿನ ತಣ್ಣೀರಿಗೆ ಪ್ರೆಶರ್ ಪಂಪ್ ಇದೆ, ಹೀಟ್ ಪಂಪ್‌ಗೆ ಮಾತ್ರ ಸಿಂಟೆಕ್ಸ್‌ನಿಂದ ನೇರ ಲೈನ್ ಕೊಡ್ತೀನಿ ಅಂತ ಪ್ಲಂಬರ್ ಹೇಳಿದ್ದಾರೆ ಅಂತ. ಅದನ್ನು ಓದಿ ಎದೆ ಧಸಕ್ ಎಂದಿತು. ದಯವಿಟ್ಟು ಒಪ್ಪಬೇಡಿ.

ನಮ್ಮದು ಮೈಸೂರಿನಲ್ಲಿ ಮಹಡಿ ಮನೆ. ಹಳೇ ಸೋಲಾರ್ ಟ್ಯಾಂಕ್ ತೂತಾದ ಮೇಲೆ 200 ಲೀಟರಿನ ಹೀಟ್ ಪಂಪ್ ತಂದು, ಸೋಲಾರ್‌ಗಿದ್ದ ಲೈನಿಗೇ ಜೋಡಿಸಿದೆವು. ಅಂದರೆ ಸಿಂಟೆಕ್ಸ್‌ನಿಂದ ತಾನಾಗಿ ಇಳಿಯುವ ನೀರು. ಮೇಲಿನ ಬಚ್ಚಲಿನ ಶವರ್ ಜೋರಾಗಿ ಬರಲಿ ಅಂತ ಅದೇ ವಾರ ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕಿಸಿದೆ. ತಪ್ಪು ಆಗಿದ್ದು ಇಲ್ಲೇ.

ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಪ್ರೆಶರ್ ಪಂಪ್ ಗುಂಯ್ ಅಂತ ಓಡುತ್ತಿತ್ತು. ಮನೆಯಲ್ಲಿ ಒಂದು ನಲ್ಲಿಯೂ ತೆರೆದಿರಲಿಲ್ಲ. ಎಲ್ಲೋ ಲೀಕ್ ಇದೆ ಅಂದುಕೊಂಡೆವು. ಪ್ಲಂಬರ್ ಮಾತು ಕೇಳಿ ಬಚ್ಚಲಿನ ಗೋಡೆಯ ಟೈಲ್ಸ್ ಒಡೆಸಿದೆ. ಒಳಗೆ ಪೈಪ್ ಒಣಗಿಕೊಂಡು ಆರಾಮಾಗಿತ್ತು. ಆ ಬಣ್ಣದ ಟೈಲ್ಸ್ ಮತ್ತೆ ಸಿಗಲೇ ಇಲ್ಲ, ತೇಪೆ ಇವತ್ತಿಗೂ ಕಾಣುತ್ತದೆ. ಮೀಟರ್ ನೋಡಿದರೆ ದಿನಕ್ಕೆ ಏಳೆಂಟು ಯೂನಿಟ್ ಜಾಸ್ತಿ. ಅಷ್ಟಾದರೂ ಬಕೆಟ್‌ಗೆ ಬರುತ್ತಿದ್ದದ್ದು ಉಗುರುಬೆಚ್ಚಗಿನ ನೀರು.

ಸುಳಿವು ಕೊಟ್ಟಿದ್ದು ಅಮ್ಮ. "ತಣ್ಣೀರಿನ ನಲ್ಲಿ ಬಿಟ್ರೂ ಬೆಚ್ಚಗೆ ಬರ್ತಿದೆ ಕಣೋ" ಅಂದರು. ತಾರಸಿಗೆ ಹೋಗಿ ಎರಡೂ ಪೈಪ್ ಮುಟ್ಟಿ ನೋಡಿದೆ. ಹೀಟ್ ಪಂಪ್‌ನಿಂದ ಬಿಸಿನೀರು ಹೊರಗೆ ಬರುವ ಪೈಪ್ ತಣ್ಣಗಿತ್ತು. ತಣ್ಣೀರು ಒಳಗೆ ಹೋಗುವ ಪೈಪ್ ಬೆಚ್ಚಗಿತ್ತು. ನೀರು ಉಲ್ಟಾ ಹರಿಯುತ್ತಿತ್ತು!

ಆಗುತ್ತಿದ್ದದ್ದು ಇಷ್ಟು. ಮಗಳು ಹ್ಯಾಂಡ್ ಶವರ್‌ನ ಗುಂಡಿ ಬಿಟ್ಟು ನೀರು ನಿಲ್ಲಿಸುತ್ತಿದ್ದಳು, ಮಿಕ್ಸರ್‌ನ ಎರಡೂ ತಿರುಪು ತೆರೆದೇ ಇರುತ್ತಿದ್ದವು. ಆಗ ಬಿಸಿ ಲೈನು, ತಣ್ಣನೆ ಲೈನು ಮಿಕ್ಸರ್ ಒಳಗೆ ಒಂದಾಗಿಬಿಡುತ್ತವೆ. ನಮ್ಮ ಸಿಂಟೆಕ್ಸ್ ಶವರ್‌ಗಿಂತ ಮೂರು ಮೀಟರ್ ಎತ್ತರದಲ್ಲಿದೆ, ಅಂದರೆ ಬಿಸಿ ಕಡೆ ಒತ್ತಡ ಬರೀ 0.3 ಬಾರ್. ಪ್ರೆಶರ್ ಪಂಪ್ ಕೊಡುವುದು ಒಂದೂವರೆ ಬಾರ್. ಜೋರಿರುವ ತಣ್ಣೀರು ಬಿಸಿ ಪೈಪಿಗೆ ನುಗ್ಗಿ, ಹೀಟ್ ಪಂಪ್ ಟ್ಯಾಂಕಿನ ಮೇಲಿನಿಂದ ಇಳಿದು, ಕೆಳಗಿನ ಬಾಯಿಂದ ಹೊರಟು ವಾಪಸ್ ಸಿಂಟೆಕ್ಸ್ ಸೇರುತ್ತಿತ್ತು. ಅಲ್ಲಿಂದ ಮತ್ತೆ ಪ್ರೆಶರ್ ಪಂಪ್‌ಗೆ. ರಾತ್ರಿಯಿಡೀ ಇದೇ ಸುತ್ತು. ನಾನು ದುಡ್ಡು ಕೊಟ್ಟು ಸಿಂಟೆಕ್ಸ್ ನೀರು ಕಾಯಿಸುತ್ತಿದ್ದೆ.

ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಉಲ್ಟಾ ಹರಿಯುವುದೇನೋ ನಿಲ್ಲುತ್ತದೆ. ಆದರೆ ಮಿಕ್ಸರ್ ತಿರುಗಿಸಿದಾಗ ತಣ್ಣೀರಿನ ಒತ್ತಡ ಬಿಸಿನೀರನ್ನು ಬರಲು ಬಿಡುವುದಿಲ್ಲ. ಎರಡೂ ಲೈನ್ ಪ್ರೆಶರ್ ಪಂಪ್ ಮೇಲೆ ಇರಲಿ, ಇಲ್ಲ ಎರಡೂ ಸಿಂಟೆಕ್ಸ್ ಮೇಲೆ ಇರಲಿ. ನನ್ನ ಪ್ರಕಾರ ಮಧ್ಯದ ದಾರಿ ಇಲ್ಲ.

ನಾವು ಪ್ರೆಶರ್ ಪಂಪ್ ದಾಟಿದ ಮೇಲೆ ಒಂದು ಟೀ (ಪೈಪ್ ಕವಲೊಡೆಯುವ ಫಿಟಿಂಗ್) ಹಾಕಿಸಿ, ಅಲ್ಲಿಂದ ಹೀಟ್ ಪಂಪ್‌ಗೆ ನೀರು ಕೊಟ್ಟೆವು. ನೀವೂ ಹಾಗೆ ಮಾಡುವ ಮುಂಚೆ ಹೀಟ್ ಪಂಪ್ ಟ್ಯಾಂಕಿನ ಮೇಲಿನ ಪ್ಲೇಟ್‌ನಲ್ಲಿ ಎಷ್ಟು ಬಾರ್ ತಡೆಯುತ್ತದೆ ಅಂತ ಬರೆದಿರುವುದನ್ನು ನೋಡಿ. ನಿಮ್ಮ ಪ್ರೆಶರ್ ಪಂಪ್‌ನ ಗರಿಷ್ಠ ಒತ್ತಡಕ್ಕಿಂತ ಅದು ಜಾಸ್ತಿ ಇರಲೇಬೇಕು. ಒಳಹೋಗುವ ಲೈನಿಗೆ ಎನ್‌ಆರ್‌ವಿ ಹಾಕಿದಿರಿ ಅಂದರೆ ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವ್ ಕೂಡ ಬೇಕೇ ಬೇಕು. 200 ಲೀಟರ್ ನೀರು 25ರಿಂದ 55 ಡಿಗ್ರಿಗೆ ಕಾಯುವಾಗ ಎರಡು ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಹೋಗಲು ಜಾಗ ಇರಬೇಕಲ್ವಾ? ವಾಲ್ವ್ ತೊಟ್ಟಿಕ್ಕುತ್ತಿದೆ ಅಂತ ಅದರ ಬಾಯಿಗೆ ಯಾರಾದರೂ ಎಂಡ್ ಕ್ಯಾಪ್ ಹಾಕಲು ಬಂದರೆ ಬಿಡಲೇಬೇಡಿ.

ಪೈಪ್ ಸೈಜು ಮುಕ್ಕಾಲು ಇಂಚೇ ಇರಲಿ. ಒಂದಿಂಚು ಹಾಕಿದರೆ 15 ಮೀಟರ್ ದೂರದ ಬಚ್ಚಲಿಗೆ ಬಿಸಿನೀರು ಬರುವಷ್ಟರಲ್ಲಿ ಆರು ಲೀಟರ್ ತಣ್ಣೀರು ಸುಮ್ನೆ ಮೋರಿಗೆ ಹೋಗುತ್ತದೆ. ಮುಕ್ಕಾಲಿಂಚಿನಲ್ಲಿ ಅದು ನಾಲ್ಕು ಲೀಟರ್. ಟ್ಯಾಂಕಿಗೆ ಸೇರುವ ಕಡೆ ಹಿತ್ತಾಳೆ ಥ್ರೆಡ್ ಇರುವ ಫಿಟಿಂಗ್ ಹಾಕಿಸಿ, ಪ್ಲಾಸ್ಟಿಕ್ ಥ್ರೆಡ್ ಬೇಡ.

ಕೆಲಸ ಮುಗಿದ ಮೇಲೆ ಪ್ಲಂಬರ್ ಎದುರಿಗೇ ಒಂದು ಪರೀಕ್ಷೆ ಮಾಡಿ. ಹೀಟ್ ಪಂಪ್‌ಗೆ ನೀರು ಹೋಗುವ ವಾಲ್ವ್ ಮುಚ್ಚಿ, ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಮಾತ್ರ ತೆರೆಯಿರಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರ್‌ನಲ್ಲಿ ತಣ್ಣೀರು ದಾಟಿ ಬರುತ್ತಿದೆ. ಅದನ್ನು ಹುಡುಕಿ ಸರಿಮಾಡಿಸಿ, ಆಮೇಲೆ ದುಡ್ಡು ಕೊಡಿ.