ಬೋರ್ಡ್ ಬದಲಾಯಿಸಿದ ಮೇಲೆ ಬಾಕ್ಸಿನ ಮಡಿಕೆ ಒಡೆಯುತ್ತಿದೆ, ಹೊಸ ಡೈ ಮಾಡಿಸಬೇಕಾ?

ನಿಮ್ಮ ಅಗರಬತ್ತಿ ಬಾಕ್ಸಿಗೆ ಮೊದಲು 300 ಜಿಎಸ್‌ಎಂ ಡ್ಯೂಪ್ಲೆಕ್ಸ್ ಎಂಬ ರಟ್ಟಿನ ಬೋರ್ಡ್ ಹಾಕುತ್ತಿದ್ದಿರಿ, ಈಗ ಅದೇ 300 ಜಿಎಸ್‌ಎಂನ ಎಫ್‌ಬಿಬಿ (ಫೋಲ್ಡಿಂಗ್ ಬಾಕ್ಸ್ ಬೋರ್ಡ್) ತಂದಿದ್ದೀರಿ. ಬಾಕ್ಸನ್ನು ಕತ್ತರಿಸಿ ಮಡಿಕೆಯ ಗೆರೆ ಹಾಕುವ ಅಚ್ಚು, ಅಂದರೆ ಡೈ, ಹಳೆಯದೇ. ಮಡಿಸಿದ ಕಡೆ ಪ್ರಿಂಟ್ ಬಿರಿದು ಬಿಳಿ ಕಾಣುತ್ತಿದೆ. ಪ್ರೆಸ್‌ನವರು ಡೈ ಮೇಲೆ ಹಾಕುತ್ತಾರೆ, ಡೈ ಮಾಡಿದವರು ಬೋರ್ಡ್ ಮೇಲೆ ಹಾಕುತ್ತಾರೆ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ?

ನಾನು ಬೆಂಗಳೂರಿನಲ್ಲಿ ಪಂಚಿಂಗ್ ಡೈ ಮಾಡುವವನು. ನೀವು ಹೇಳಿದ್ದನ್ನು ನೋಡಿದರೆ ಡೈ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಒಂದಕ್ಕೊಂದು ಹೊಂದುತ್ತಿಲ್ಲ. ಪೂರ್ತಿ ಹೊಸ ಡೈ ಬೇಕಾಗುವುದು ಅನುಮಾನ.

ಜಿಎಸ್‌ಎಂ ಅನ್ನೋದು ತೂಕ, ಒಂದು ಚದರ ಮೀಟರ್ ಬೋರ್ಡು ಎಷ್ಟು ಗ್ರಾಂ ಅಂತ. ಡೈಗೆ ಬೇಕಾಗಿರುವುದು ದಪ್ಪ. 300 ಜಿಎಸ್‌ಎಂ ಡ್ಯೂಪ್ಲೆಕ್ಸ್ ಸುಮಾರು 0.4 ಮಿ.ಮೀ. ಇರುತ್ತದೆ. ಎಫ್‌ಬಿಬಿಯ ನಡುವಿನ ಪದರ ಉಬ್ಬಿದ ಪಲ್ಪಿನದು. ಹಾಗಾಗಿ ಅದೇ ತೂಕಕ್ಕೆ 0.45 ದಾಟಿ 0.5ರ ಹತ್ತಿರಕ್ಕೂ ಹೋಗುತ್ತದೆ. ಕೈಯಲ್ಲಿ ಹಿಡಿದರೆ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಮಡಿಕೆಗೆ ಮಾತ್ರ ಇದು ತುಂಬಾ ಜಾಸ್ತಿ.

ಡೈ ಒಳಗೆ ಏನಿದೆ ಹೇಳುತ್ತೇನೆ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಲೇಸರ್‌ನಿಂದ ಸೀಳು ಬಿಡಿಸಿ, ಅದರೊಳಗೆ ಉಕ್ಕಿನ ಪಟ್ಟಿ ಬಡಿದು ಕೂರಿಸುತ್ತೇವೆ. ಕತ್ತರಿಸುವ ಬ್ಲೇಡ್ 23.8 ಮಿ.ಮೀ. ಎತ್ತರ. ಮಡಿಕೆಯ ಪಟ್ಟಿಗೆ ಮೊನೆ ಗುಂಡಗಿರುತ್ತದೆ, ಎತ್ತರ ಬೋರ್ಡಿನ ದಪ್ಪದಷ್ಟು ಕಡಿಮೆ. ಅಂದರೆ 0.4 ಬೋರ್ಡಿಗೆ 23.4. ಈ ಒಂದಿಷ್ಟು ಎತ್ತರದಲ್ಲೇ ಎಲ್ಲ ಇದೆ. 1879ರ ಸುಮಾರಿಗೆ ಅಮೆರಿಕದ ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಗೇರ್ ಎಂಬ ಮುದ್ರಕರ ಕಾರ್ಖಾನೆಯಲ್ಲಿ ಪಟ್ಟಿಯೊಂದು ಎತ್ತರವಾಗಿ ಕೂತು, ಬೀಜದ ಚೀಲಗಳಿಗೆ ಗೆರೆ ಹಾಕುವ ಬದಲು ಕತ್ತರಿಸಿಯೇ ಬಿಟ್ಟಿತಂತೆ. ಒಂದೇ ಒತ್ತಿಗೆ ಕತ್ತರಿಸಿ, ಗೆರೆಯನ್ನೂ ಹಾಕುವ ಯೋಚನೆ ಅವರಿಗೆ ಅಲ್ಲಿಂದಲೇ ಹೊಳೆಯಿತು ಅನ್ನುತ್ತಾರೆ.

ಮಡಿಕೆಗೆ ಇನ್ನೊಂದು ಅರ್ಧ ಇದೆ. ಅದು ಡೈನಲ್ಲಿ ಇರಲ್ಲ, ಪಂಚಿಂಗ್ ಮಷೀನಿನ ಪ್ಲೇಟಿನ ಮೇಲೆ ಅಂಟಿಸಿರುವ ಚಾನೆಲ್‌ನಲ್ಲಿ ಇರುತ್ತದೆ. ಪಟ್ಟಿ ಬೋರ್ಡನ್ನು ಆ ಚಾನೆಲ್ಲಿನ ಸಣ್ಣ ಕಾಲುವೆಯೊಳಗೆ ತಳ್ಳುತ್ತದೆ. ಆಗ ಬೋರ್ಡಿನ ಒಳಪದರಗಳು ಒಂದರಿಂದ ಒಂದು ಬಿಡಿಸಿಕೊಂಡು ಹಿಂಬದಿಯಲ್ಲಿ ಉಬ್ಬು ಬರುತ್ತದೆ. ಮಡಿಸುವಾಗ ಆ ಉಬ್ಬು ಬಾಕ್ಸಿನ ಒಳಗೆ ಹೋಗುತ್ತದೆ, ಹೊರಗಿನ ಪ್ರಿಂಟ್ ಪದರಕ್ಕೆ ಎಳೆತ ಬೀಳಲ್ಲ. ಒಳ್ಳೆಯ ಮಡಿಕೆ ಅಂದರೆ ಒಳಗೆ ಹದವಾಗಿ ಬಿಟ್ಟುಕೊಂಡ ಬೋರ್ಡು. ಜನ ಇದನ್ನು ಸುಮ್ನೆ ಗೆರೆ ಒತ್ತುವ ಕೆಲಸ ಅಂದುಕೊಳ್ಳುತ್ತಾರೆ, ಗೆರೆ ಸರಿ ಬರದಿದ್ದರೆ ಇನ್ನಷ್ಟು ಒತ್ತಡ ಕೊಡಿ ಅನ್ನುತ್ತಾರೆ. ಅದರಿಂದ ಇನ್ನೂ ಕೆಡುತ್ತದೆ.

ಕಾಲುವೆಯ ಅಗಲಕ್ಕೆ ನಾವು ಹಾಕುವ ಲೆಕ್ಕ ಇದು: ಬೋರ್ಡಿನ ದಪ್ಪದ ಒಂದೂವರೆ ಪಟ್ಟು, ಜೊತೆಗೆ ಪಟ್ಟಿಯ ದಪ್ಪ 0.7. ನಿಮ್ಮ ಹಳೆಯ ಬೋರ್ಡಿಗೆ 1.3 ಮಿ.ಮೀ. ಆಗುತ್ತದೆ. 0.5ರ ಬೋರ್ಡಿಗೆ 1.45, ಅಂದರೆ 1.5ರ ಚಾನೆಲ್ ತಗೋಬೇಕು. ಪಟ್ಟಿಯೂ 23.3ಕ್ಕೆ ಇಳಿಯಬೇಕು. ಈಗ ಏನಾಗುತ್ತಿದೆ? ದಪ್ಪ ಬೋರ್ಡಿಗೆ ಕಾಲುವೆಯಲ್ಲಿ ಜಾಗ ಸಾಲುತ್ತಿಲ್ಲ. ಪಟ್ಟಿ ಅದನ್ನು ಚಿವುಟಿದಂತೆ ಒತ್ತುತ್ತಿದೆ, ಮೇಲಿನ ಪದರ ಹರಿಯುತ್ತಿದೆ.

ನಾನು ಹೇಳಿದ್ದನ್ನು ಹಾಗೇ ನಂಬಬೇಡಿ, ನೋಡಿಕೊಳ್ಳಿ. ಪ್ರಿಂಟ್ ಆಗದ ಖಾಲಿ ಹಾಳೆಯೊಂದನ್ನು ಅದೇ ಡೈಯಲ್ಲಿ ಹೊಡೆಸಿ ಮಡಿಸಿ. ಖಾಲಿ ಹಾಳೆಯೂ ಬಿರಿದರೆ ಮಡಿಕೆಯದ್ದೇ ತಪ್ಪು. ಅದು ಚೆನ್ನಾಗಿದ್ದು ಪ್ರಿಂಟ್ ಆದದ್ದು ಮಾತ್ರ ಬಿರಿದರೆ ಇಂಕು, ವಾರ್ನಿಷ್ ಕಡೆ ನೋಡಬೇಕು. ಆಮೇಲೆ ಹಿಂಬದಿಯ ಉಬ್ಬನ್ನು ಬೆರಳಲ್ಲಿ ಸವರಿ. ದುಂಡಗೆ, ಎರಡೂ ಕಡೆ ಸಮವಾಗಿ ಇರಬೇಕು. ಒಂದು ಕಡೆಗೆ ವಾಲಿದ್ದರೆ ಪಟ್ಟಿ ಕಾಲುವೆಯ ನಡುವೆ ಬೀಳುತ್ತಿಲ್ಲ, ಚಾನೆಲ್ ಅಂಟಿಸಿದವರು ಸರಿಪಡಿಸಬೇಕು.

ಇನ್ನೊಂದು ಸಾಧ್ಯತೆ ಗ್ರೈನ್, ಅಂದರೆ ನಾರಿನ ದಿಕ್ಕು. ಉದ್ದದ ಮಡಿಕೆ ಚೆನ್ನಾಗಿ ಬಂದು ಅಡ್ಡದ್ದು ಮಾತ್ರ ಬಿರಿಯುತ್ತಿದ್ದರೆ, ಅಥವಾ ಅದರ ಉಲ್ಟಾ ಆಗಿದ್ದರೆ, ಹೊಸ ಬೋರ್ಡನ್ನು ತಿರುಗಿಸಿ ಕತ್ತರಿಸಿರಬಹುದು. ಬೋರ್ಡನ್ನು ಕೈಯಲ್ಲಿ ಹರಿದು ನೋಡಿ. ನಾರಿನ ದಿಕ್ಕಿನಲ್ಲಿ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟ ಹೋಗುತ್ತದೆ. ಬೇಸಿಗೆಯಲ್ಲಿ ಬಂಡಲ್ ಬಿಚ್ಚಿಟ್ಟು ಬೋರ್ಡ್ ಒಣಗಿದ್ದರೂ ಒಡೆಯುತ್ತದೆ, ಅದನ್ನೂ ಕೇಳಿ.

ಇಷ್ಟೂ ನೋಡಿ ದಪ್ಪದ್ದೇ ತೊಂದರೆ ಅಂತಾದರೆ, ಪ್ಲೈವುಡ್ ಹಾಗೇ ಇರಲಿ, ಕತ್ತರಿಸುವ ಬ್ಲೇಡೂ ಇರಲಿ. ಮಡಿಕೆ ಪಟ್ಟಿಗಳನ್ನು ಮಾತ್ರ ಕಿತ್ತು ಹೊಸದು ಹಾಕಿಸಿ, ಚಾನೆಲ್ ಬದಲಾಯಿಸಿ. ಡೈಯವರಿಗೆ ಜಿಎಸ್‌ಎಂ ಹೇಳಬೇಡಿ, ಬೋರ್ಡಿನ ನಾಲ್ಕೈದು ಹಾಳೆ ಕೊಟ್ಟು ಮೈಕ್ರೋಮೀಟರಿನಲ್ಲಿ ಅಳೆಯಲು ಹೇಳಿ. ಒಂದು ಎಚ್ಚರಿಕೆ. ಬೋರ್ಡ್ ದಪ್ಪವಾದರೆ ಬಾಕ್ಸಿನ ಒಳ ಅಳತೆ ಸ್ವಲ್ಪ ಕುಗ್ಗುತ್ತದೆ. ನಿಮ್ಮ ಅಗರಬತ್ತಿ ಕವರ್ ಮೊದಲೇ ಬಿಗಿಯಾಗಿ ಕೂರುತ್ತಿತ್ತು ಅಂದರೆ, ಅಥವಾ ಮುಚ್ಚಳದ ನಾಲಿಗೆ ಒಳಗೆ ಹೋಗಲು ಹಟ ಮಾಡಿದರೆ, ಆಗ ಮಾತ್ರ ಡ್ರಾಯಿಂಗ್ ತಿದ್ದಿ ಹೊಸ ಡೈ ಮಾಡಿಸಬೇಕಾಗುತ್ತದೆ.

ಖರ್ಚು ಯಾರು ಕೊಡಬೇಕು ಅಂತಲೂ ಕೇಳಿದ್ದೀರಿ. ಬೋರ್ಡ್ ಬದಲಾಗಿದೆ ಅಂತ ನೀವು ಯಾರಿಗೂ ಹೇಳಿಲ್ಲದಿದ್ದರೆ ನೀವೇ ಕೊಡಬೇಕು. ಪ್ರೆಸ್‌ನವರಿಗೆ ಹೇಳಿದ್ದರೆ, ಹಳೆಯ ಚಾನೆಲ್ ಮೇಲೆ ಯಾಕೆ ಹೊಡೆದಿರಿ ಅಂತ ಅವರನ್ನು ಕೇಳುವ ಹಕ್ಕು ನಿಮಗಿದೆ.