ತೋಟದ ಕೆಸರಿಗೆ ಮಡ್ ಟೈರ್ ಹಾಕಿಸಬೇಕೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಫೋರ್ ವೀಲ್ ಡ್ರೈವ್ ಥಾರ್ ಇದೆ, ಟೈರ್ ಅಳತೆ 245/75 ಆರ್ 16. ಡಾಂಬರು ರಸ್ತೆಯಿಂದ ಮನೆಗೆ ಒಂದು ಕಿಲೋಮೀಟರ್ ಮಣ್ಣಿನ ದಾರಿ. ಆರಿದ್ರಾ ಮಳೆ ಹಿಡಿದರೆ ನಡುವಿನ ಏರಿನಲ್ಲಿ ಗಾಡಿ ಜಾರುತ್ತದೆ. ಮಕ್ಕಳನ್ನು ಶಾಲೆಗೆ ಬಿಡಲು ದಿನವೂ ಪೇಟೆಗೆ ಹೋಗಬೇಕು. ತಿಂಗಳಿಗೆರಡು ಸಲ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗುತ್ತೇವೆ. ಅಗಲವಾದ ಮಡ್ ಟೈರ್ ಹಾಕಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಹಾಕಿಸಲೇ?
– ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಈ ಗಾಡಿಗೆ ಬೇಡ. ನಿಮಗೆ ತೊಂದರೆ ಕೊಡುತ್ತಿರುವುದು ಒಂದು ಏರು. ಆದರೆ ನಿಮ್ಮ ಗಾಡಿ ಹೆಚ್ಚಾಗಿ ಓಡುವುದು ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ, ಅದೂ ಮಕ್ಕಳನ್ನು ಕೂರಿಸಿಕೊಂಡು.

ಮಡ್ ಟೈರಿನ ಬಟನ್‌ಗಳು, ಅಂದರೆ ಮೈಮೇಲಿನ ರಬ್ಬರ್ ಉಬ್ಬುಗಳು, ದಪ್ಪ, ಅವುಗಳ ನಡುವಿನ ಸಂದು ಅಗಲ. ಕೆಸರಿನಲ್ಲಿ ಆ ಸಂದೇ ಅದರ ಬಲ. ಡಾಂಬರಿನಲ್ಲಿ ಅದೇ ಸಂದಿನಿಂದಾಗಿ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ. ಒದ್ದೆ ರಸ್ತೆಯನ್ನು ಹಿಡಿಯಲು ಬಟನ್ ಮೇಲೆ ಇರಬೇಕಾದ ಸಣ್ಣ ಸೀಳುಗಳೂ ಅದರಲ್ಲಿ ಕಡಿಮೆ. ಹಾಗಾಗಿ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಚಾರ್ಮಾಡಿಯ ತಿರುವಿನಲ್ಲಿ, ಮಂಜು ಕವಿದಾಗ, ಎದುರಿಗೆ ಬಸ್ ಬಂದಾಗ ಆ ನಾಲ್ಕಾರು ಅಡಿ ಎಷ್ಟು ದೊಡ್ಡದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸದ್ದು ಹೆಚ್ಚುವುದು, ಮೈಲೇಜ್ ಇಳಿಯುವುದು ಇದರ ಮುಂದೆ ಚಿಕ್ಕ ಮಾತು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಮಡ್ ಟೈರ್ ತನ್ನ ಸಂದಿಗೆ ಮೆತ್ತಿದ ಮಣ್ಣನ್ನು ಕೊಡವಿಕೊಳ್ಳುವುದು ಚಕ್ರ ಜೋರಾಗಿ ತಿರುಗಿದಾಗ. ನಮ್ಮ ಅಂಟು ಜೇಡಿಮಣ್ಣಿನ ಏರಿನಲ್ಲಿ ನಿಧಾನವಾಗಿ ಹತ್ತಿದರೆ ಸಂದೆಲ್ಲ ತುಂಬಿಕೊಂಡು ಟೈರ್ ಬೋಳಾದಂತೆಯೇ ಆಗುತ್ತದೆ. ಜೋರಾಗಿ ತಿರುಗಿಸಿದರೆ ನೀವೇ ಮಾಡಿಸಿದ ದಾರಿಯನ್ನು ನಿಮ್ಮ ಚಕ್ರವೇ ಅಗೆದುಹಾಕುತ್ತದೆ.

ನಿಮಗೆ ಹೊಂದುವುದು ಈಗಿರುವ ಅಳತೆಯದೇ ಆಲ್ ಟೆರೇನ್ ಟೈರ್, ಅಂದರೆ ಡಾಂಬರಿಗೂ ಮಣ್ಣಿಗೂ ಆಗುವಂಥದ್ದು. ಅಗಲದ ಆಸೆ ಬಿಡಿ. ಅಗಲ ಟೈರ್ ಮರಳಿನ ಮೇಲೆ ತೇಲಿ ಸಾಗಲು ಒಳ್ಳೆಯದು. ನಮ್ಮ ಕಡೆ ಕೆಸರಿನ ಕೆಳಗೆ ಸಾಮಾನ್ಯವಾಗಿ ಗಟ್ಟಿ ನೆಲ ಸಿಗುತ್ತದೆ; ಕಿರಿದಾದ ಟೈರ್ ಮೇಲಿನ ರಾಡಿಯನ್ನು ಸೀಳಿ ಅದನ್ನು ಮುಟ್ಟುತ್ತದೆ. ಹಳೆಯ ಜೀಪುಗಳು 6.00-16ರ ಸಣಕಲು ಟೈರಿನಲ್ಲೇ ಮಲೆನಾಡನ್ನೆಲ್ಲ ಸುತ್ತಿದ್ದು ಸುಮ್ಮನೆ ಅಲ್ಲ. ಲೆಕ್ಕವನ್ನೂ ನೋಡಿ: ನಿಮ್ಮ ಟೈರಿನ ವ್ಯಾಸ ಸುಮಾರು 774 ಮಿಲಿಮೀಟರ್. ಅದಕ್ಕಿಂತ 20 ಮಿಲಿಮೀಟರ್ ಅಗಲವಾದ 265/75 ಆರ್ 16 ಹಾಕಿಸಿದರೆ ವ್ಯಾಸ 804 ಆಗುತ್ತದೆ. ನೆಲದಿಂದ ಗಾಡಿ ಏರುವುದು ಬರೀ 15 ಮಿಲಿಮೀಟರ್. ಅದಕ್ಕಾಗಿ ಎಂಜಿನ್ ಎಳೆತ ಕುಗ್ಗುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜಬಹುದು, ಮೀಟರ್ ತೋರಿಸುವ ವೇಗಕ್ಕಿಂತ ನಿಜವಾದ ವೇಗ ಸುಮಾರು ಶೇ 4ರಷ್ಟು ಹೆಚ್ಚಾಗುತ್ತದೆ.

ಹಾಗಾದರೆ ಆ ಏರನ್ನು ಹತ್ತುವುದು ಹೇಗೆ? ಮೊದಲು ಗಾಳಿ ಇಳಿಸಿ. 20 ಪಿಎಸ್‌ಐ ಆಸುಪಾಸಿಗೆ ತಂದರೆ ಟೈರ್ ಮೆತ್ತಗಾಗಿ ನೆಲವನ್ನು ಉದ್ದಕ್ಕೂ ಅಪ್ಪಿ ಹಿಡಿಯುತ್ತದೆ. 15ಕ್ಕಿಂತ ಕೆಳಗೆ ಹೋಗಬೇಡಿ, ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಲೇಬೇಕು. ಅದಕ್ಕೆ ಗಾಡಿಯ ಬ್ಯಾಟರಿಯಿಂದ ಓಡುವ ಚಿಕ್ಕ ಕಂಪ್ರೆಸರ್ ಸಾಕು. ಮಳೆ ಬಿಡದ ದಿನಗಳಿಗೆ ಚಕ್ರಕ್ಕೆ ಸರಪಳಿ ಇಟ್ಟುಕೊಳ್ಳಿ. ನಿಮ್ಮ ಟೈರ್ ಅಳತೆಗೇ ಮಾಡಿಸಿ, ಅದು ಬ್ರೇಕ್ ಪೈಪಿಗೆ ತಾಗುವುದಿಲ್ಲವೆಂದು ನೋಡಿಕೊಂಡು ಬಿಗಿಯಾಗಿ ಕಟ್ಟಿ, ಡಾಂಬರು ಮುಟ್ಟುವ ಮೊದಲು ಬಿಚ್ಚಿ.

ಎಲ್ಲಕ್ಕಿಂತ ಹೆಚ್ಚಾಗಿ ಆ ಏರನ್ನೇ ರಿಪೇರಿ ಮಾಡಿಸಿ ಎಂದು ಒತ್ತಿ ಹೇಳುತ್ತೇನೆ. ಬೇಸಿಗೆಯಲ್ಲಿ ದಾರಿಗೆ ಓರೆಯಾಗಿ ನೀರುಗಾಲುವೆ ತೆಗೆಸಿ, ಚಕ್ರ ಓಡುವ ಎರಡು ಪಟ್ಟಿಗೆ ಕಲ್ಲು ಹಾಸಿಸಿ. ನೀರು ದಾರಿಯಲ್ಲೇ ಹರಿಯುವುದು ನಿಂತರೆ ಅರ್ಧ ಜಾರಿಕೆ ಕಡಿಮೆಯಾಗುತ್ತದೆ. ತೋಟಕ್ಕೆ ಬರುವ ಗೊಬ್ಬರದ ಲಾರಿಗೂ ಕೆಲಸದವರ ಜೀಪಿಗೂ ಇದರಿಂದ ಉಪಕಾರವಾಗುತ್ತದೆ.

ಟೈರ್ ಕೊಳ್ಳುವಾಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಒಂದೊಂದು ಚಕ್ರ ಒಂದೊಂದು ವ್ಯಾಸದ್ದಾದರೆ ಫೋರ್ ವೀಲ್ ಹಾಕಿದಾಗ ಗೇರುಗಳಿಗೆ ಪೆಟ್ಟು. ಸ್ಟೆಪ್ನಿಯೂ ಅದೇ ಅಳತೆಯದಿರಲಿ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯಲ್ಲಿರುವ ನಾಲ್ಕು ಅಂಕಿ ಓದಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿಯ ಹೆಸರಿನಲ್ಲಿ ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಟೈರ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ತೋಟ ಬಿಟ್ಟು ಹೊರಗೆ ಹೋಗದ ಹಳೆಯ ಜೀಪೊಂದು ನಿಮ್ಮ ಕೊಟ್ಟಿಗೆಯಲ್ಲಿದ್ದರೆ, ಮಡ್ ಟೈರನ್ನು ಧಾರಾಳವಾಗಿ ಅದಕ್ಕೆ ಹಾಕಿಸಿ.